ಬೀರುವಿನಲ್ಲಿಟ್ಟ ಫೋನು: ಶಾಲಾ ಅವಧಿಯಲ್ಲಿ ಶಿಕ್ಷಕರ ಮೊಬೈಲ್ ಬಳಕೆಗೆ ಮಿತಿ

ಬಿ.ಎಡ್. ಎರಡನೇ ವರ್ಷದ 16 ವಾರಗಳ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಿಂದ ಸ್ವಲ್ಪ ದೂರದ ಒಂದು ಸರ್ಕಾರಿ ಪ್ರೌಢಶಾಲೆ. ಅಲ್ಲಿ ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳಿದ್ದೆವು. ನಾವು ಹೋದ ಮೂರನೇ ವಾರದಲ್ಲಿ ಮುಖ್ಯೋಪಾಧ್ಯಾಯಿನಿಯವರು ಒಂದು ನಿಯಮ ತಂದರು: ಪ್ರಾರ್ಥನೆಯ ಗಂಟೆಗೆ ಮೊದಲು ಎಲ್ಲ ಶಿಕ್ಷಕರೂ, ಪ್ರಶಿಕ್ಷಣಾರ್ಥಿಗಳೂ ತಮ್ಮ ಮೊಬೈಲನ್ನು ಕಚೇರಿಯ ಬೀರುವಿನಲ್ಲಿಡಬೇಕು, ಊಟದ ವಿರಾಮದಲ್ಲಿ ಮತ್ತು ಸಂಜೆ ಮಾತ್ರ ತೆಗೆದುಕೊಳ್ಳಬೇಕು. ಆ ನಿಯಮ ಮೊದಲ ವಾರವೇ ಸೋತಿತು. ಆಮೇಲೆ ಅದನ್ನು ತಿದ್ದಿದ ಮೇಲೆ ನಿಂತಿತು. ಏಕೆ ಸೋತಿತು, ಹೇಗೆ ನಿಂತಿತು ಎಂಬುದನ್ನು ಮುಂದಿನ ವರ್ಷ ಶಾಲೆಗೆ ಹೋಗುವ ಗೆಳೆಯರಿಗಾಗಿ ಇಲ್ಲಿ ವಿವರಿಸುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಹೇಳಬೇಕು.

ಎಣಿಕೆ ತಪ್ಪಿದ ಲೋಲಕ

ನಿಯಮ ಬರುವ ಹಿಂದಿನ ವಾರದ ಮಾತು. 9ನೇ ತರಗತಿಗೆ ಗುರುತ್ವ ಪಾಠ ಮಾಡುತ್ತಿದ್ದೆ. ಗುರುತ್ವ ವೇಗೋತ್ಕರ್ಷದ ಬೆಲೆ 9.8 ಎಂದು ಬಾಯಿಪಾಠ ಮಾಡಿಸುವ ಬದಲು ಮಕ್ಕಳೇ ಅಳೆದು ನೋಡಲಿ ಎಂದು ಕಿಟಕಿಯ ಸರಳಿಗೆ ಒಂದು ಮೀಟರ್ ಉದ್ದದ ಲೋಲಕ ಕಟ್ಟಿದೆ. ಒಂದು ಮೀಟರ್ ಲೋಲಕ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. 20 ಆಂದೋಲನಗಳಿಗೆ ತಗಲುವ ಸಮಯ ಅಳೆದರೆ ತಪ್ಪು ಕಡಿಮೆಯಾಗುತ್ತದೆ. ನನ್ನ ಫೋನೇ ನಿಲುಗಡಿಯಾರ. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ, ತರಗತಿ ಪೂರ್ತಿ ನನ್ನ ಜೊತೆ ಎಣಿಸುತ್ತಿತ್ತು.

ಹದಿಮೂರಕ್ಕೆ ಬಂದಾಗ ಪರದೆಯ ಮೇಲೆ ಗೆಳೆಯನ ಸಂದೇಶ ಇಳಿಯಿತು: 'ಟಿಇಟಿ ಕೀ ಉತ್ತರ ಬಂತಂತೆ, ನೋಡಿದ್ಯಾ?' ನಾನು ಉತ್ತರಿಸಲಿಲ್ಲ, ಓದಿದೆ ಅಷ್ಟೇ. ಆದರೆ ನನ್ನ ಬಾಯಿ ಒಂದು ಕ್ಷಣ ನಿಂತಿತು, ಮಕ್ಕಳ ಬಾಯಿಯೂ ನಿಂತಿತು, ಲೋಲಕ ಮಾತ್ರ ನಿಲ್ಲಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ, 'ಸರ್, ಹದಿಮೂರಾ, ಹದಿನಾಲ್ಕಾ?' ಎಂದ. ನಾನು ಹದಿನಾಲ್ಕು ಎಂದು ಮುಂದುವರಿಸಿದೆ. ಅದು ಹದಿನೈದಾಗಿತ್ತು. ಕೊನೆಗೆ 40 ಸೆಕೆಂಡಿಗೆ 19 ಆಂದೋಲನ ಎಂದು ಕಪ್ಪುಹಲಗೆಯ ಮೇಲೆ ಬರೆದೆವು.

ಲೆಕ್ಕ ಹಾಕಿ ನೋಡಿ. 40 ಸೆಕೆಂಡಿಗೆ 20 ಆಂದೋಲನವಾದರೆ ಆವರ್ತಕಾಲ 2 ಸೆಕೆಂಡು, ಗುರುತ್ವ ವೇಗೋತ್ಕರ್ಷ 9.87. ಅದೇ 19 ಎಂದು ಎಣಿಸಿದರೆ ಆವರ್ತಕಾಲ 2.105 ಸೆಕೆಂಡು, ಉತ್ತರ 8.91. ಒಂದೇ ಒಂದು ಎಣಿಕೆ ಬಿಟ್ಟುಹೋದದ್ದಕ್ಕೆ ಉತ್ತರದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಕಳೆದುಹೋಯಿತು.

ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: 'ಸರ್, ಪುಸ್ತಕದಲ್ಲಿ 9.8 ಐತಿ. ನಮ್ಮೂರಾಗೆ ಯಾಕೆ ಕಮ್ಮಿ?' ನಾನು 'ಗಾಳಿಯ ತಡೆಯಿಂದ ಹಾಗಾಗುತ್ತದೆ' ಎಂದೆ. ಮಕ್ಕಳು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು. ಗಾಳಿಯ ತಡೆಗೆ ಅಷ್ಟು ವ್ಯತ್ಯಾಸ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ನನ್ನ ಸಹ ಪ್ರಶಿಕ್ಷಣಾರ್ಥಿಗೂ ಗೊತ್ತಿತ್ತು. ಅವರು ಗಣಿತದವರು. ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದಿದ್ದು ಒಂದೇ ಸಾಲು: 'ಎಣಿಕೆಯ ನಡುವೆ ಬೋಧಕರು ಫೋನ್ ನೋಡಿದರು.'

ಒಂದು ಕ್ಷಣ ನೋಡಿದರೆ ಏನಾಗುತ್ತದೆ?

ಒಂದೆರಡು ಸೆಕೆಂಡಿನ ನೋಟ ಇಷ್ಟು ದುಬಾರಿಯಾಗುವುದೇಕೆ? 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ಇದಕ್ಕೆ 'ಗಮನದ ಉಳಿಕೆ' ಎಂಬರ್ಥದ ಹೆಸರು ಕೊಟ್ಟರು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳಿದಾಗ ಮನಸ್ಸು ಪೂರ್ತಿ ಹೊರಳುವುದಿಲ್ಲ, ಅದರ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. ನಾನು ಸಂದೇಶ ಓದಿ ಮತ್ತೆ ಲೋಲಕ ನೋಡಿದಾಗ ನನ್ನ ಕಣ್ಣು ಮರಳಿತ್ತು. ಮನಸ್ಸು ಇನ್ನೂ ಟಿಇಟಿಯ ಉತ್ತರಗಳನ್ನು ತಿರುವಿಹಾಕುತ್ತಿತ್ತು.

ಫೋನ್ ಎತ್ತಲೇಬೇಕೆಂದಿಲ್ಲ. 2015ರಲ್ಲಿ ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಮುಟ್ಟದಿದ್ದರೂ ಕರೆಯೋ ಸಂದೇಶವೋ ಬಂದ ಸೂಚನೆ ತಿಳಿದರೆ ಸಾಕು, ಗಮನ ಬೇಡುವ ಕೆಲಸದಲ್ಲಿ ಜನರ ಸಾಧನೆ ಕೆಳಗಿಳಿಯಿತು. 2017ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಸದ್ದು ಅಡಗಿಸಿದ ಫೋನು ಮೇಜಿನ ಮೇಲೆ ಇದ್ದವರಿಗಿಂತ ಬೇರೆ ಕೋಣೆಯಲ್ಲಿಟ್ಟು ಬಂದವರು ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. ಈ ಕೊನೆಯ ಮಾತನ್ನು ಸ್ವಲ್ಪ ಎಚ್ಚರದಿಂದ ಹೇಳಬೇಕು, ಆಮೇಲೆ ಬೇರೆಯವರು ನಡೆಸಿದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲಿತಾಂಶ ಬಂದಿಲ್ಲ. ಆದರೆ ಸೂಚನೆಯ ಸದ್ದು ಗಮನ ಕದಿಯುತ್ತದೆ ಎಂಬುದಕ್ಕೆ ನನಗೆ ನನ್ನ ಕಪ್ಪುಹಲಗೆಯೇ ಸಾಕ್ಷಿ.

ಶಿಕ್ಷಕರ ಗಮನಕ್ಕೆ ಇನ್ನೂ ಒಂದು ಕೆಲಸವಿದೆ. ತರಗತಿ ನಿರ್ವಹಣೆಯ ಪಾಠದಲ್ಲಿ ನಾವೆಲ್ಲ ಜೇಕಬ್ ಕೌನಿನ್ ಅವರ ಹೆಸರು ಓದಿದ್ದೇವೆ. 1970ರಲ್ಲಿ ಬಂದ ಅವರ ಪುಸ್ತಕದ ಮುಖ್ಯ ಮಾತು ಇದು: ತರಗತಿ ಶಾಂತವಾಗಿರುವುದು ಶಿಕ್ಷೆಯಿಂದಲ್ಲ, ಎಲ್ಲ ಮೂಲೆಯಲ್ಲೂ ಏನಾಗುತ್ತಿದೆ ಎಂದು ಶಿಕ್ಷಕರಿಗೆ ಗೊತ್ತಿದೆ ಎಂಬುದು ಮಕ್ಕಳಿಗೆ ಗೊತ್ತಿರುವುದರಿಂದ. ನಮ್ಮ ಹಳ್ಳಿಯಲ್ಲಿ ಅಂಥ ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣಿದೆ ಎನ್ನುತ್ತಾರೆ. ಫೋನ್ ನೋಡುವ ಶಿಕ್ಷಕರಿಗೆ ಎದುರಿನ ಕಣ್ಣೂ ಇರುವುದಿಲ್ಲ, ಮತ್ತು ಅದು ಮಕ್ಕಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ನಮಗೆ ಇದು ಹೊಸದೇನಲ್ಲ

ಕೆಲಸದ ವೇಳೆಯಲ್ಲಿ ಸ್ವಂತ ಫೋನ್ ಬೇಡ ಎಂದರೆ ಅವಮಾನ ಎಂದು ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಕೆಲವರಿಗೆ ಅನ್ನಿಸಿತು. 'ನಾವೇನು ಮಕ್ಕಳಾ?' ಎಂಬ ಮಾತೂ ಬಂತು. ಆದರೆ ಇಂಥ ಮಿತಿಯನ್ನು ನಾವು ಬೇರೆ ಕಡೆ ಪ್ರಶ್ನಿಸದೆ ಒಪ್ಪಿದ್ದೇವೆ. ನಾನು ದಿನಾ ಶಾಲೆಗೆ ಹೋಗುತ್ತಿದ್ದ ಬಸ್ಸಿನ ಚಾಲಕರು ಕೈಯಲ್ಲಿ ಫೋನ್ ಹಿಡಿದರೆ ಪ್ರಯಾಣಿಕರೇ ಗದರಿಸುತ್ತಾರೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯು ಚಾಲನೆಯಲ್ಲಿ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಹೆಸರಿಸಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಂತೂ ಕೊಠಡಿ ಮೇಲ್ವಿಚಾರಕರ ಫೋನುಗಳನ್ನು ಪಡೆದು ಇಟ್ಟುಕೊಳ್ಳಲೆಂದೇ ಕೇಂದ್ರದಲ್ಲಿ ಮೊಬೈಲ್ ಸ್ವಾಧೀನಾಧಿಕಾರಿ ಎಂಬವರಿರುತ್ತಾರೆ. ಆ ಕೆಲಸ ಮಾಡುವವರೂ ಶಿಕ್ಷಕರೇ, ಫೋನ್ ಒಪ್ಪಿಸುವವರೂ ಶಿಕ್ಷಕರೇ. ಅಲ್ಲಿ ಯಾರಿಗೂ ಅವಮಾನವೆನಿಸುವುದಿಲ್ಲ, ಕಾರಣ ಏನೆಂದು ಎಲ್ಲರಿಗೂ ಗೊತ್ತಿದೆ.

ಜಗತ್ತಿನಲ್ಲಿ ಚರ್ಚೆ ಹೆಚ್ಚಾಗಿ ನಡೆದಿರುವುದು ಮಕ್ಕಳ ಫೋನಿನ ಬಗ್ಗೆ. ಫ್ರಾನ್ಸ್ 2018ರಲ್ಲಿ ಕಾನೂನು ಮಾಡಿ ಶಾಲೆಗಳಲ್ಲಿ ಮಕ್ಕಳ ಮೊಬೈಲ್ ಬಳಕೆಯನ್ನು ನಿಷೇಧಿಸಿತು. ಯುನೆಸ್ಕೋ ತನ್ನ 2023ರ ಜಾಗತಿಕ ಶಿಕ್ಷಣ ವರದಿಯನ್ನು ಪೂರ್ತಿಯಾಗಿ ತಂತ್ರಜ್ಞಾನಕ್ಕೇ ಮೀಸಲಿಟ್ಟು, ಅದು ಕಲಿಕೆಗೆ ನೆರವಾಗುವಲ್ಲಿ ಮಾತ್ರ ಇರಲಿ ಎಂದಿತು. ನಮ್ಮ ಶಾಲೆಯ ಮಕ್ಕಳಲ್ಲಿ ಫೋನ್ ತರುವವರೇ ಇಲ್ಲ. ಅಲ್ಲಿ ತರಗತಿಯೊಳಗೆ ಬರುವ ಫೋನ್ ಎಂದರೆ ನಮ್ಮದು.

ಮೊದಲ ವಾರ ಏನಾಯಿತು?

ನಿಯಮ ಬಂದ ದಿನ ಹದಿಮೂರು ಫೋನುಗಳು ಬೀರು ಸೇರಿದವು. ಎರಡನೇ ಅವಧಿಯಲ್ಲೇ ತೊಂದರೆ ಶುರುವಾಯಿತು. ಯಾವ ತರಗತಿಯಲ್ಲೂ ಗೋಡೆ ಗಡಿಯಾರ ಇರಲಿಲ್ಲ, ನಮ್ಮಲ್ಲಿ ಕೈಗಡಿಯಾರ ಕಟ್ಟುವವರು ಇಬ್ಬರೇ. ಪಾಠದ ಮೌಲ್ಯಮಾಪನ ಹಂತಕ್ಕೆ ಬರುವ ಮೊದಲೇ ನನಗೆ ಗಂಟೆ ಹೊಡೆದುಬಿಟ್ಟಿತು. ಹನ್ನೊಂದೂವರೆಗೆ ಮೇಲಿನ ಕಚೇರಿಯಿಂದ ವಾಟ್ಸ್ಆ್ಯಪ್ ಗುಂಪಿಗೆ, ಮಧ್ಯಾಹ್ನದೊಳಗೆ ಅಂಕಿಅಂಶ ಕಳಿಸಿ ಎಂಬ ಸಂದೇಶ ಬಂದಿತ್ತು. ಅದನ್ನು ನೋಡಬೇಕಾದ ಶಿಕ್ಷಕರ ಫೋನು ಬೀರುವಿನಲ್ಲಿತ್ತು. ಸಂಜೆ ಮುಖ್ಯೋಪಾಧ್ಯಾಯಿನಿಯವರು ಬೈಸಿಕೊಂಡರು.

ಮೂರನೇ ದಿನ ಆಗಿದ್ದು ಇದಕ್ಕಿಂತ ದೊಡ್ಡದು. ನನ್ನ ಪಾಠ ವೀಕ್ಷಿಸಿದ್ದ ಆ ಗಣಿತದ ಸಹ ಪ್ರಶಿಕ್ಷಣಾರ್ಥಿಗೆ ಒಂದೂವರೆ ವರ್ಷದ ಮಗುವಿದೆ. ಮಗುವನ್ನು ಅತ್ತೆಯ ಬಳಿ ಬಿಟ್ಟು ಅವರು ಶಾಲೆಗೆ ಬರುತ್ತಿದ್ದರು. ಆ ದಿನ ಮಗುವಿಗೆ ಜ್ವರ ಏರಿ ಅತ್ತೆ ಮತ್ತೆ ಮತ್ತೆ ಕರೆ ಮಾಡಿದ್ದಾರೆ. ಬೀರುವಿನೊಳಗೆ ಏನೋ ಗುಂಯ್‌ಗುಡುತ್ತಿದ್ದುದು ಕಚೇರಿಯಲ್ಲಿದ್ದವರಿಗೆ ಕೇಳಿಸಿದೆ, ಆದರೆ ಯಾರ ಫೋನೆಂದು ತೆಗೆದು ನೋಡುವುದು ಸರಿಯಲ್ಲ ಎಂದು ಸುಮ್ಮನಿದ್ದರು. ಊಟದ ವೇಳೆಗೆ ಫೋನ್ ಕೈಗೆ ಬಂದಾಗ ಇವರು ನಿಂತಲ್ಲೇ ಕುಳಿತುಬಿಟ್ಟರು. ಅಷ್ಟರಲ್ಲಿ ಪಕ್ಕದ ಮನೆಯವರು ಮಗುವನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು, ಜ್ವರ ಇಳಿದಿತ್ತು. ಮಗುವಿಗೆ ಏನೂ ಆಗಲಿಲ್ಲ. ಆದರೆ ಮರುದಿನ ಅವರು ಫೋನನ್ನು ಬೀರುವಿನಲ್ಲಿಡಲಿಲ್ಲ, ಯಾರೂ ಕೇಳಲೂ ಇಲ್ಲ. ವಾರದ ಕೊನೆಗೆ ಬೀರುವಿನಲ್ಲಿ ಉಳಿದದ್ದು ನಾಲ್ಕು ಫೋನುಗಳು.

ನನಗೆ ಇದು ಮುಜುಗರದ ಸಂಗತಿಯಾಗಿತ್ತು. ನಿಯಮ ಬೇಕು ಎಂದು ನನ್ನ ಲೋಲಕ ಹೇಳುತ್ತಿತ್ತು. ನಿಯಮ ತಪ್ಪು ಎಂದು ಆ ತಾಯಿಯ ಮುಖ ಹೇಳುತ್ತಿತ್ತು.

ಫೋನ್ ಮಾಡುವ ಕೆಲಸಗಳ ಪಟ್ಟಿ

ಶನಿವಾರದ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಬೈಯಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, 'ಶಾಲೆಯಲ್ಲಿ ನಿಮಗೆ ಫೋನ್ ಯಾವ್ಯಾವುದಕ್ಕೆ ಬೇಕಾಗುತ್ತೆ ಅಂತ ಬರೀರಿ, ಹೆಸರು ಹಾಕಬೇಡಿ' ಎಂದರು. ಆ ಹಾಳೆಗಳನ್ನು ಒಟ್ಟು ಮಾಡುವ ಕೆಲಸ ನಮಗೆ ಬಂತು. ಓದಿದಾಗ ನನಗೆ ಅರ್ಥವಾದದ್ದು ಇದು: ನಾವು ಫೋನ್ ಎನ್ನುವುದು ಒಂದು ವಸ್ತುವಲ್ಲ, ಆರೇಳು ಕೆಲಸಗಳ ಗಂಟು. ಗಂಟನ್ನು ಹಾಗೇ ಎತ್ತಿ ಬೀರುವಿನಲ್ಲಿಟ್ಟರೆ ಆ ಎಲ್ಲ ಕೆಲಸಗಳೂ ನಿಲ್ಲುತ್ತವೆ. ಗಂಟು ಬಿಚ್ಚಿ ಒಂದೊಂದು ಕೆಲಸಕ್ಕೂ ಬೇರೆ ಜಾಗ ತೋರಿಸಿದರೆ, ಕೊನೆಗೆ ಉಳಿಯುವುದು ನಿಜವಾಗಿ ಮಿತಿ ಹಾಕಬೇಕಾದ್ದು ಮಾತ್ರ. ನಾವು ಮಾಡಿದ್ದು ಹೀಗೆ.

ಸಮಯ ನೋಡುವುದು. ಹೆಚ್ಚಿನವರು ಮೊದಲು ಬರೆದದ್ದು ಇದನ್ನೇ. ಪ್ರತಿ ತರಗತಿಗೂ ಒಂದು ಗೋಡೆ ಗಡಿಯಾರ ಬಂತು. ಅದನ್ನು ಮಕ್ಕಳಿಗೆ ಕಾಣುವಂತೆ ಮುಂದೆ ಹಾಕದೆ, ಪಾಠ ಮಾಡುವವರಿಗೆ ಕಾಣುವಂತೆ ಹಿಂದಿನ ಗೋಡೆಗೆ ಹಾಕಿದೆವು.

ಮನೆಯ ತುರ್ತು ಕರೆ. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಒಂದು ಕೀಪ್ಯಾಡ್ ಫೋನ್ ತಂದೆವು. ಅದು ಕಚೇರಿಯ ಮೇಜಿನ ಮೇಲೆ, ದ್ವಿತೀಯ ದರ್ಜೆ ಸಹಾಯಕರ ಕೈಗೆ ಸಿಗುವಂತೆ ಇರುತ್ತದೆ. ಅದರ ಸಂಖ್ಯೆಯನ್ನು ಎಲ್ಲರೂ ಮನೆಗೆ ಕೊಡಬೇಕು. ಕರೆ ಬಂದರೆ ಅವರು ಚೀಟಿ ಬರೆದು ತರಗತಿಗೆ ಕಳಿಸುತ್ತಾರೆ, ಪಕ್ಕದ ತರಗತಿಯವರು ಅಷ್ಟು ಹೊತ್ತು ನೋಡಿಕೊಳ್ಳುತ್ತಾರೆ. ಚಿಕ್ಕ ಮಗುವಿರುವವರು, ಮನೆಯಲ್ಲಿ ರೋಗಿಗಳಿರುವವರು ಅವಧಿಗಳ ನಡುವೆ ಬಂದು ಕರೆ ಮಾಡಿ ವಿಚಾರಿಸಬಹುದು, ಅನುಮತಿ ಕೇಳಬೇಕಾಗಿಲ್ಲ.

ಇಲಾಖೆಯ ಸಂದೇಶಗಳು. ಗುಂಪಿನ ಸಂದೇಶ ನೋಡುವ ಹೊಣೆ ದಿನಕ್ಕೊಬ್ಬ ಶಿಕ್ಷಕರದ್ದು. ಅವರಿಗೆ ಬಿಡುವಿನ ಅವಧಿ ಇರುವಾಗ ಕಚೇರಿಯಲ್ಲೇ ಕುಳಿತು ನೋಡಿ ಉತ್ತರಿಸುತ್ತಾರೆ. ಮುಖ್ಯೋಪಾಧ್ಯಾಯಿನಿಯವರ ಫೋನ್ ಚಾಲೂ ಇರಲೇಬೇಕು, ಆದರೆ ಅದು ಕಚೇರಿಯ ಹೊಸಿಲು ದಾಟುವುದಿಲ್ಲ. ಅವರು ಪಾಠಕ್ಕೆ ಹೋಗುವಾಗ ಅದನ್ನು ಎಲ್ಲರೆದುರು ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನಿಯಮ ನಿಂತಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಎಂದು ನನ್ನ ನಂಬಿಕೆ.

ಬೋಧನೆಗೆ ಬಳಸುವುದು. ಪಠ್ಯಪುಸ್ತಕದ ಕ್ಯೂಆರ್ ಸಂಕೇತ, ದೀಕ್ಷಾ ಆ್ಯಪಿನ ವೀಡಿಯೊ, ನಿಲುಗಡಿಯಾರ, ಕ್ಯಾಲ್ಕುಲೇಟರ್ ಇವೆಲ್ಲ ಫೋನಿನಲ್ಲೇ ಇವೆ. ಇಲ್ಲಿ ನಾವು ಒಂದು ಸರಳ ಗೆರೆ ಎಳೆದೆವು: ಪಾಠ ಯೋಜನೆಯ ಬೋಧನೋಪಕರಣಗಳ ಅಂಕಣದಲ್ಲಿ ಬರೆದಿದ್ದರೆ ಆ ಅವಧಿಗೆ ಫೋನ್ ಬೋಧನೋಪಕರಣ, ಬರೆದಿಲ್ಲದಿದ್ದರೆ ಅದು ಸ್ವಂತದ ಫೋನ್. ಬೋಧನೋಪಕರಣವಾಗಿ ತರುವಾಗ ವೀಡಿಯೊವನ್ನು ಹಿಂದಿನ ದಿನವೇ ಇಳಿಸಿಕೊಂಡು, ಫೋನನ್ನು ವಿಮಾನ ಸ್ಥಿತಿಗೆ ಹಾಕಿ ತರಬೇಕು. ಆ ಸ್ಥಿತಿಯಲ್ಲೂ ನಿಲುಗಡಿಯಾರ ಓಡುತ್ತದೆ, ಸಂದೇಶ ಮಾತ್ರ ಬರುವುದಿಲ್ಲ.

ಫೋಟೊ ತೆಗೆಯುವುದು. ಇದು ನಮ್ಮ, ಅಂದರೆ ಪ್ರಶಿಕ್ಷಣಾರ್ಥಿಗಳ ತಪ್ಪು ಹೆಚ್ಚಾಗಿ ನಡೆಯುವ ಜಾಗ. ಇಂಟರ್ನ್‌ಶಿಪ್ ಕಡತಕ್ಕೆ ಪಾಠದ ಫೋಟೊ ಬೇಕು. ಹಾಗೆ ತೆಗೆದ ಫೋಟೊಗಳು ಸಂಜೆಗೆ ನಮ್ಮ ಸ್ಟೇಟಸ್ಸಿನಲ್ಲಿರುತ್ತವೆ, ಅದರಲ್ಲಿ ಮಕ್ಕಳ ಮುಖ, ಸಮವಸ್ತ್ರ, ಶಾಲೆಯ ಫಲಕ ಎಲ್ಲವೂ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸುವವರು ಪೋಷಕರ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ನಮ್ಮ ತಂಗಿಯ ಫೋಟೊವನ್ನು ಗೊತ್ತಿಲ್ಲದವರು ಹಾಗೆ ಹಾಕಿಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಕಡತಕ್ಕೆ ಬೇಕಾದ ಫೋಟೊವನ್ನು ಶಾಲೆಯ ಕ್ಯಾಮೆರಾದಲ್ಲಿ, ಮಕ್ಕಳ ಹಿಂದಿನಿಂದ ತೆಗೆಯುವುದು ಎಂದು ತೀರ್ಮಾನವಾಯಿತು.

ಇಷ್ಟೆಲ್ಲ ತೆಗೆದ ಮೇಲೆ ಪಟ್ಟಿಯಲ್ಲಿ ಉಳಿದದ್ದು ಕ್ರಿಕೆಟ್ ಸ್ಕೋರು, ರೀಲ್ಸ್, ಕುಟುಂಬದ ಗುಂಪಿನ ಶುಭೋದಯಗಳು, ಮತ್ತು ನನ್ನಂಥವರ ಟಿಇಟಿ ಕೀ ಉತ್ತರ. ಇವುಗಳಿಗಾಗಿ ಫೋನ್ ಬೇಕೇಬೇಕು ಎಂದು ಸಭೆಯಲ್ಲಿ ಯಾರೂ ವಾದಿಸಲಿಲ್ಲ.

ಏನು ಬದಲಾಯಿತು, ಏನು ಆಗಲಿಲ್ಲ

ಎಲ್ಲವೂ ಸರಿಹೋಯಿತು ಎನ್ನಲಾರೆ. ಒಬ್ಬ ಹಿರಿಯ ಶಿಕ್ಷಕರು ಕೊನೆಯವರೆಗೂ ಒಪ್ಪಲಿಲ್ಲ. ಇನ್ನೊಬ್ಬರು ಹಳೆಯ ಫೋನನ್ನು ಬೀರುವಿನಲ್ಲಿಟ್ಟು ಹೊಸದನ್ನು ಚೀಲದಲ್ಲಿಟ್ಟುಕೊಳ್ಳುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಮುಖ್ಯೋಪಾಧ್ಯಾಯಿನಿಯವರು ಚೀಲ ತಪಾಸಣೆಗೆ ಇಳಿಯಲಿಲ್ಲ. ಸಹೋದ್ಯೋಗಿಗಳ ಚೀಲ ತೆಗೆಸುವ ಶಾಲೆಯಲ್ಲಿ ಉಳಿಯುವುದು ನಿಯಮವಲ್ಲ, ಭಯ ಎಂದು ನನಗೂ ಅನ್ನಿಸುತ್ತದೆ. ಮೊದಲ ಕೆಲವು ದಿನ ನನ್ನ ಕೈ ತಾನಾಗಿ ಖಾಲಿ ಜೇಬಿಗೆ ಹೋಗುತ್ತಿತ್ತು. ಎರಡು ವಾರಕ್ಕೆ ಅದು ನಿಂತಿತು. ಬಿಡುವಿನ ಅವಧಿಯಲ್ಲಿ ಸಿಬ್ಬಂದಿ ಕೊಠಡಿಯಲ್ಲಿ ಮಾತು ಹೆಚ್ಚಾಯಿತು. ಯಾವ ಮಗು ಏಕೆ ಗೈರಾಗುತ್ತಿದೆ ಎಂಬ ಎಷ್ಟೋ ಸಂಗತಿ ನನಗೆ ತಿಳಿದದ್ದು ಆ ಮಾತುಗಳಿಂದ.

ತಿದ್ದಿದ ನಿಯಮ ಬಂದ ಎರಡನೇ ವಾರ ನಾನು ಇಂಗಾಲದ ಸಂಯುಕ್ತಗಳ ಪಾಠದಲ್ಲಿದ್ದಾಗ ಬಾಗಿಲಿಗೆ ಒಂದು ಚೀಟಿ ಬಂತು. ಅದು ಪಕ್ಕದ ತರಗತಿಯಲ್ಲಿದ್ದ ಆ ಗಣಿತದ ಮೇಡಂಗೆ ಬಂದದ್ದು, ಹುಡುಗ ಬಾಗಿಲು ತಪ್ಪಿದ್ದ. ಚೀಟಿ ಕೊಟ್ಟೆ. ಅವರು ಕಚೇರಿಗೆ ಹೋಗಿ ಮಾತನಾಡಿ ಐದು ನಿಮಿಷದಲ್ಲಿ ಬಂದರು. ಮಗುವಿಗೆ ಔಷಧಿ ಎಷ್ಟು ಚಮಚ ಎಂದು ಅತ್ತೆ ಕೇಳಿದ್ದರಂತೆ. ಅವತ್ತಿನಿಂದ ಅವರ ಫೋನೂ ಬೀರುವಿಗೆ ಮರಳಿತು.

ಇನ್ನು ನನ್ನ ಲೋಲಕ. ಅದನ್ನು ಹಾಗೇ ಬಿಟ್ಟು ಶಾಲೆಯಿಂದ ಹೊರಡಲು ಮನಸ್ಸಾಗಲಿಲ್ಲ. ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ಒಂದು ಅವಧಿ ಪಡೆದು ಮತ್ತೆ ಕಿಟಕಿಯ ಸರಳಿಗೆ ದಾರ ಕಟ್ಟಿದೆ. ಪ್ರಯೋಗಾಲಯದ ಮೂಲೆಯಲ್ಲಿ ಸಿಕ್ಕ ಹಳೆಯ ನಿಲುಗಡಿಯಾರವನ್ನು ಒಬ್ಬ ಹುಡುಗನ ಕೈಗೆ ಕೊಟ್ಟೆ, ಎಣಿಕೆಯನ್ನು ಮಕ್ಕಳಿಗೇ ಬಿಟ್ಟೆ. 20 ಆಂದೋಲನಕ್ಕೆ 40.2 ಸೆಕೆಂಡು ಬಂತು, ಉತ್ತರ 9.77. ಆಗ ಹೇಳಿದೆ: 'ಹೋದ ಸಲ ಗಾಳಿಯಿಂದ ತಪ್ಪಾಯಿತು ಅಂದಿದ್ದೆ. ಅದು ಸುಳ್ಳು. ನಾನು ಫೋನ್ ನೋಡಿದೆ, ಎಣಿಕೆ ತಪ್ಪಿತು. ಟಿಪ್ಪಣಿಯಲ್ಲಿ ಅದನ್ನು ಹೊಡೆದುಹಾಕಿ.' ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಕೊನೆಯ ಸಾಲಿನ ಆ ಹುಡುಗಿ, 'ನಂಗೊತ್ತಿತ್ತು ಸರ್, ನಾನು ಇಪ್ಪತ್ತು ಎಣಿಸಿದ್ದೆ' ಎಂದಳು.

ಮುಂದಿನ ತಂಡದ ಗೆಳೆಯರಿಗೆ

ನೀವು ಹೋಗುವ ಶಾಲೆಯಲ್ಲಿ ಇಂಥ ನಿಯಮ ಇರಬಹುದು, ಇಲ್ಲದಿರಬಹುದು. ಇಲ್ಲದಿದ್ದರೂ ನಮಗೆ ನಾವೇ ಹಾಕಿಕೊಳ್ಳಲು ಯಾರ ಆದೇಶವೂ ಬೇಡ. ಮೊದಲ ದಿನವೇ ಒಂದು ಕೈಗಡಿಯಾರ ಕಟ್ಟಿಕೊಂಡು ಹೋಗಿ. ಶಾಲೆಯ ಕಚೇರಿಯ ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟು ಬನ್ನಿ. ಪಾಠ ಯೋಜನೆಯಲ್ಲಿ ಬರೆಯದ ಫೋನನ್ನು ತರಗತಿಗೆ ಒಯ್ಯಬೇಡಿ, ಬರೆದದ್ದನ್ನು ವಿಮಾನ ಸ್ಥಿತಿಯಲ್ಲಿ ಒಯ್ಯಿರಿ. ಮಕ್ಕಳ ಮುಖವಿರುವ ಫೋಟೊವನ್ನು ಎಲ್ಲಿಯೂ ಹಂಚಬೇಡಿ.

ನಾಳೆ ನಮ್ಮಲ್ಲಿ ಯಾರಾದರೂ ಮುಖ್ಯೋಪಾಧ್ಯಾಯರಾಗಿ ಇಂಥ ನಿಯಮ ತರುವ ಸಂದರ್ಭ ಬಂದರೆ, ಬೀರುವಿನ ಬೀಗ ಕೊಳ್ಳುವ ಮೊದಲು ಗೋಡೆ ಗಡಿಯಾರವನ್ನೂ ಕಚೇರಿಗೊಂದು ಫೋನನ್ನೂ ಕೊಳ್ಳಿ. ಆಮೇಲೆ ಎಲ್ಲರಿಗಿಂತ ಮೊದಲು ನಿಮ್ಮ ಫೋನನ್ನು ಮೇಜಿನ ಮೇಲಿಟ್ಟು ತರಗತಿಗೆ ಹೋಗಿ.